ಪಾಪಾಸುಕಳ್ಳಿಯ ಗುರುತು ಬಲ್ಲವರೆಷ್ಟು?

ಅಮೆರಿಕದ ಅರಿಜೋನಾದಿಂದ ಮೆಕ್ಸಿಕೋದವರೆಗೆ ಹಬ್ಬಿರುವ ಸೊನೋರಾ ಮರುಭೂಮಿಯಲ್ಲಿ ಕಾಡು ಪಾಪಾಸುಕಳ್ಳಿಯನ್ನು ಅರಸಿ ಹೊರಟವರು ಮೊದಲು ಅರಿಯಬೇಕಾದ ಸಂಗತಿಯೊಂದಿದೆ. ಅದು ಎಲ್ಲೆಂದರಲ್ಲಿ ಬೆಳೆಯುವ ಗಿಡವಲ್ಲ. ಉಪ್ಪು ಹೆಪ್ಪುಗಟ್ಟಿದ ತಗ್ಗುಗಳಲ್ಲಿ ಅದನ್ನು ಹುಡುಕುವುದು ವ್ಯರ್ಥ. ಬೆಟ್ಟದ ಬುಡದಲ್ಲಿ ಮಳೆನೀರು ತಂದು ಹರಡಿದ ಜಲ್ಲಿಮಣ್ಣಿನ ಇಳಿಜಾರುಗಳಲ್ಲಿ, ಮೆಸ್ಕೀಟ್ ಮತ್ತು ಪಾಲೋವರ್ಡೆ ಮರಗಳ ವಿರಳ ನೆರಳಿನಲ್ಲಿ, ನೀರು ನಿಲ್ಲದ ಬಂಡೆಸಂದುಗಳಲ್ಲಿ ಅದು ನೆಲೆಯೂರಿರುತ್ತದೆ. ಅಲ್ಲಿಯೂ ಜುಲೈ ಸುಮಾರಿಗೆ ಒಂದು ಮಳೆಗಾಲವಿದೆ. ‘ಮರುಭೂಮಿಯ ಜನ’ ಎಂಬ ಅರ್ಥದ ಹೆಸರುಳ್ಳ ತೊಹೊನೊ ಓಧಾಮ್ ಬುಡಕಟ್ಟಿನವರಿಗೆ ಆ ನೆಲ ಎಂದೂ ಬರಡಾಗಿ ತೋರಿಲ್ಲ. ಕಳ್ಳಿಯ ಹಣ್ಣು ಅವರಿಗೆ ತಲೆತಲಾಂತರದ ಆಹಾರ.

ಗಿಡವನ್ನು ಕಂಡಮಾತ್ರಕ್ಕೆ ಗುರುತಿಸಿದಂತಾಗಲಿಲ್ಲ. ಬಿಳಿಮುಳ್ಳಿನ, ಹಳದಿ ಹೂವಿನ, ಬೇಸಿಗೆಯ ಕೊನೆಗೆ ಕಡುಗೆಂಪು ಹಣ್ಣು ಬಿಡುವ ಪೊದೆ ಎಂಗೆಲ್ಮನ್ ಕಳ್ಳಿ. ನೀಲಿಬೂದು ಬಣ್ಣದ, ಉದ್ದಮುಳ್ಳೇ ಇಲ್ಲದ, ನೇರಳೆಗೆಂಪು ಹೂವಿನ ಗಿಡ್ಡ ಗಿಡವನ್ನು ಅಲ್ಲಿಯವರು ‘ಬೀವರ್ ಬಾಲ’ವೆಂದು ಕರೆಯುತ್ತಾರೆ. ಅದರ ಹಣ್ಣು ಒಣಕಲು. ಕಲ್ಲುಗುಡ್ಡಗಳ ಮೇಲೆ ಕಾಂಡವಿಟ್ಟು ಮರದಂತೆ ನಿಂತು, ಹೊಂಬಣ್ಣದ ಮುಳ್ಳನ್ನು ಹೊದ್ದಿರುವುದು ಮತ್ತೊಂದು ಜಾತಿ. ಇವು ಒಂದರೊಡನೊಂದು ಬೆರೆತು ಮಿಶ್ರತಳಿಗಳನ್ನೂ ಹುಟ್ಟಿಸುವುದರಿಂದ ಪಳಗಿದ ಸಸ್ಯವಿಜ್ಞಾನಿಗಳೂ ಅನೇಕ ವೇಳೆ ತಡವರಿಸುತ್ತಾರೆ. ಮುಳ್ಳಿಲ್ಲದ ಬೀವರ್ ಬಾಲವನ್ನು ನಂಬಿ ಬರಿಗೈಯಲ್ಲಿ ಮುಟ್ಟಿದವರು ಒಂದು ಪಾಠವನ್ನು ದಿನವಿಡೀ ಮರೆಯಲಾರರು. ಚಪ್ಪಟೆ ಕಾಂಡದ ಮೇಲಿನ ಪ್ರತಿ ಚುಕ್ಕೆಯಲ್ಲೂ ಕೂದಲಿಗಿಂತ ಸಣ್ಣ, ಕೊಕ್ಕೆಯುಳ್ಳ ಮುಳ್ಳುಗಳ ಗೊಂಚಲಿರುತ್ತದೆ. ಪಾಪಾಸುಕಳ್ಳಿಯ ಬಳಗವನ್ನು ಉಳಿದ ಕಳ್ಳಿಗಳಿಂದ ಬೇರ್ಪಡಿಸುವ ನಿಜವಾದ ಗುರುತು ಅದೇ.

ಕನ್ನಡದಲ್ಲಿ ಕಳ್ಳಿ ಎಂಬ ಒಂದೇ ಮಾತು ಎರಡು ಬೇರೆ ಕುಲಗಳನ್ನು ಹೊತ್ತಿದೆ. ಗೀರಿದರೆ ಹಾಲು ಸುರಿಸುವ ಚದುರಗಳ್ಳಿ, ಬೊಂತೆಗಳ್ಳಿಗಳು ಒಂದು ಕಡೆ. ಹಾಲಿಲ್ಲದ, ಪಾಪಾಸಿನಾಕಾರದ, ಕಡಲಾಚೆಯಿಂದ ಬಂದ ಪಾಪಾಸುಕಳ್ಳಿ ಇನ್ನೊಂದು ಕಡೆ. ಬೇಲಿ ಕಟ್ಟುವ ರೈತನಿಗೆ ಈ ಗೊಂದಲದಿಂದ ನಷ್ಟವೇನೂ ಇಲ್ಲ. ಆಳುವವರು ಗೊಂದಲಕ್ಕೊಳಗಾದಾಗ ಆಗುವುದೇ ಬೇರೆ.

18ನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಕೊಚಿನೀಲ್ ಬಣ್ಣದ ಆಸೆ ಹುಟ್ಟಿತು. ಪಾಪಾಸುಕಳ್ಳಿಯ ಮೇಲೆ ಬದುಕುವ ಬಿಳಿಹಿಟ್ಟಿನಂಥ ಹುಳುವನ್ನು ಅರೆದು ತೆಗೆಯುವ ಆ ಕೆಂಪು, ಸ್ಪೇನಿನವರ ಏಕಸ್ವಾಮ್ಯವಾಗಿತ್ತು. ಮದರಾಸಿನಲ್ಲಿ ವೈದ್ಯ ಜೇಮ್ಸ್ ಆಂಡರ್ಸನ್ ಕಳ್ಳಿತೋಟವನ್ನೇ ಬೆಳೆಸಿದರು. 1795ರಲ್ಲಿ ಬ್ರೆಜಿಲಿನಿಂದ ಹುಳುವೂ ಹಡಗೇರಿ ಭಾರತಕ್ಕೆ ಬಂತು. ಬಂದದ್ದು ಉತ್ತಮ ಬಣ್ಣ ಕೊಡುವ ಹುಳುವಲ್ಲ, ಅದರ ದಾಯಾದಿ. ಬಣ್ಣ ಕಳಪೆಯಾಯಿತು, ಆದರೆ ಹುಳು ಉತ್ತರ ಮತ್ತು ಮಧ್ಯ ಭಾರತದಲ್ಲಿ ಹಬ್ಬಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ದಕ್ಷಿಣದಲ್ಲಿ ಹಬ್ಬಿದ್ದ ಇನ್ನೊಂದು ಜಾತಿಯನ್ನು ಅದು ಮೂಸಿಯೂ ನೋಡಲಿಲ್ಲ. ಆ ಜಾತಿ ಹೊಲಗದ್ದೆಗಳನ್ನು ನುಂಗುತ್ತಲೇ ಹೋಗಿ, 1926ರಲ್ಲಿ ಸಿಂಹಳದಿಂದ ಬೇರೊಂದು ಕೊಚಿನೀಲ್ ಹುಳುವನ್ನು ತಂದುಬಿಟ್ಟ ಮೇಲೆಯೇ ಹಿಮ್ಮೆಟ್ಟಿದ್ದು. ತಪ್ಪಾಗಿ ಗುರುತಿಸಿದ ಒಂದು ಹುಳು, ಬೇರ್ಪಡಿಸಿ ನೋಡದ ಎರಡು ಕಳ್ಳಿ. ಬೆಲೆ ತೆತ್ತವರು ಮಾತ್ರ ಬಣ್ಣವನ್ನು ಎಂದೂ ಮಾರದ ರೈತರು.

ಆಸ್ಟ್ರೇಲಿಯಾದ ಕತೆ ಎಲ್ಲೆಡೆ ಗೆಲುವಿನ ಕತೆಯಾಗಿ ಪ್ರಚಾರ ಪಡೆದಿದೆ. ಅಲ್ಲಿ 1920ರ ದಶಕದ ಹೊತ್ತಿಗೆ ಸುಮಾರು 2.4 ಕೋಟಿ ಹೆಕ್ಟೇರಿಗೆ ಹಬ್ಬಿದ್ದ ಕಳ್ಳಿಯನ್ನು ಅರ್ಜೆಂಟೀನಾದಿಂದ ತಂದ ಕ್ಯಾಕ್ಟೊಬ್ಲಾಸ್ಟಿಸ್ ಪತಂಗದ ಮರಿಗಳು ಕೆಲವೇ ವರ್ಷಗಳಲ್ಲಿ ಸವರಿಹಾಕಿದವು. ಕೃತಜ್ಞತೆಗಾಗಿ ಬೂನಾರ್ಗಾ ಎಂಬ ಊರಿನವರು 1936ರಲ್ಲಿ ಪತಂಗದ ಹೆಸರಿನಲ್ಲಿ ಸಭಾಭವನವನ್ನೇ ಕಟ್ಟಿಸಿದರು! ಅದೇ ಪತಂಗವನ್ನು 1957ರಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಬಿಡಲಾಯಿತು. 1989ರಲ್ಲಿ ಅದು ಫ್ಲೋರಿಡಾದಲ್ಲಿ ಕಾಣಿಸಿಕೊಂಡಿತು, 2006ರಲ್ಲಿ ಮೆಕ್ಸಿಕೋದ ಒಂದು ದ್ವೀಪದಲ್ಲಿ. ಮೆಕ್ಸಿಕೋದ ಧ್ವಜದಲ್ಲಿ ಹದ್ದು ಕುಳಿತಿರುವುದೇ ಪಾಪಾಸುಕಳ್ಳಿಯ ಮೇಲೆ. ಅಲ್ಲಿ ಅದು ತರಕಾರಿ, ಹಣ್ಣು, ಮೇವು. ಆ ಸರ್ಕಾರ ದ್ವೀಪದಿಂದ ಪತಂಗವನ್ನು ಹೆಣಗಾಡಿ ನಿರ್ಮೂಲಗೊಳಿಸಿತು. ಒಂದು ನೆಲದ ರಕ್ಷಕ ಮತ್ತೊಂದು ನೆಲದ ಕಂಟಕ. ಗಿಡದ ಗುರುತೆಂಬುದು ಹೆಸರಿನಲ್ಲಿ ಎಷ್ಟಿದೆಯೋ ನೆಲೆಯಲ್ಲಿಯೂ ಅಷ್ಟೇ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇಷ್ಟೆಲ್ಲ ಹಳೆಯ ಕತೆಯನ್ನು ಇಂದು ಕೆದಕಬೇಕಾಗಿ ಬಂದಿರುವುದು ನಿಷ್ಕಾರಣವಾಗಿಯಲ್ಲ. 2022ರಲ್ಲಿ ಕೇಂದ್ರದ ಭೂಸಂಪನ್ಮೂಲ ಇಲಾಖೆ ‘ಪಾಳುಭೂಮಿ’ಗಳಲ್ಲಿ ಮುಳ್ಳಿಲ್ಲದ ಪಾಪಾಸುಕಳ್ಳಿಯನ್ನು ಬೆಳೆಸಿ ಮೇವು, ಜೈವಿಕ ಇಂಧನ ಪಡೆಯುವ ಯೋಜನೆಗೆ ಒತ್ತು ಕೊಡತೊಡಗಿತು. ಬರಪೀಡಿತ ಸೀಮೆಯ ದನಗಳಿಗೆ ಈ ಕಳ್ಳಿ ಉಪಯುಕ್ತ ಮೇವು ಎಂಬುದು ನಿಜ, ಅಲ್ಲಗಳೆಯುವುದು ಅಪ್ರಾಮಾಣಿಕತೆ. ಆದರೆ ಬೀಜದಿಂದ ಹುಟ್ಟುವ ಸಸಿಗಳಲ್ಲಿ ಮುಳ್ಳು ಮರಳಬಹುದೆಂಬುದೂ ನಿಜ. 1926ರಲ್ಲಿ ಭಾರತಕ್ಕೆ ತಂದ ಹುಳುವೇ ಈಶಾನ್ಯ ಬ್ರೆಜಿಲಿನಲ್ಲಿಯೂ 2014ರಿಂದೀಚೆಗೆ ಮೊರಾಕ್ಕೋದಲ್ಲಿಯೂ ಇದೇ ಮೇವಿನ ಕಳ್ಳಿಯ ತೋಟಗಳನ್ನು ಹಾಳುಗೆಡವಿದೆ ಎಂಬುದು ಇನ್ನೂ ಕಹಿಯಾದ ನಿಜ. ಶತ್ರುವನ್ನು ಒಂದು ಶತಮಾನದಿಂದ ಸಾಕಿಕೊಂಡಿರುವ ನೆಲದಲ್ಲಿ ಬೆಳೆಯನ್ನು ಹೊಸತಾಗಿ ಹೂಡುವವರು ಹುಳುವಿನ ಲೆಕ್ಕವನ್ನೂ ಜನರ ಮುಂದಿಡಬೇಡವೆ?

ಎಲ್ಲಕ್ಕಿಂತ ಅಪಾಯಕಾರಿಯಾದುದು ‘ಪಾಳು’ ಎಂಬ ಪದ. ಸೊನೋರಾವನ್ನು ಬರಡೆಂದು ಕರೆದ ಕಣ್ಣೇ ಬಯಲುಸೀಮೆಯ ಗೋಮಾಳವನ್ನು ಪಾಳೆಂದು ಬರೆಯುತ್ತದೆ. ಮಲೆನಾಡಿನ ಹುಲ್ಲುಬೇಣಗಳನ್ನೂ ಅದೇ ಕಣ್ಣು ಖಾಲಿ ಜಾಗವೆಂದು ಓದಿ ಅಕೇಶಿಯಾ ನೆಟ್ಟಿತು. ಹುಲ್ಲು ಹೋಯಿತು, ದನ ಹಟ್ಟಿಯಲ್ಲುಳಿಯಿತು. ಹುಲ್ಲಿನಲ್ಲಿ ಎಷ್ಟು ಬಗೆಯಿತ್ತೆಂದು ನೆಡುವ ಮುನ್ನ ಎಣಿಸಿದವರಾರು?

ಕಳ್ಳಿಯ ಕಡತ ಗ್ರಾಮಸಭೆಗೆ ಬಂದ ದಿನ ಊರಿನವರು ಸಹಿಗೆ ಮೊದಲು ಕೆಲವು ಮಾತುಗಳಿಗೆ ಲಿಖಿತ ಉತ್ತರ ಪಡೆಯಲಿ. ನೆಡುವ ಜಾತಿ ಯಾವುದು, ತಳಿ ಎಲ್ಲಿಯದು, ಕೊಚಿನೀಲ್ ತಗುಲಿದರೆ ಹೊಣೆ ಯಾರದು, ಮತ್ತು ಪಾಳೆಂದು ನಮೂದಿಸಿದ ಆ ಸರ್ವೆ ನಂಬರಿನಲ್ಲಿ ಈಗ ಬೆಳೆದು ನಿಂತಿರುವ ಗಿಡಗಳ ಪಟ್ಟಿ ಎಲ್ಲಿ. ಪಟ್ಟಿ ಇಲ್ಲವೆಂದರೆ ಆ ಕೆಲಸವನ್ನು ಶಾಲೆಯ ಮಕ್ಕಳೂ ದನ ಮೇಯಿಸುವವರೂ ಕೂಡಿ ಮೊದಲು ಮುಗಿಸಲಿ. ಕಡತ ಅಲ್ಲಿಯವರೆಗೆ ಕಾಯಲಿ.