ಪಗಾರದ ಲೆಕ್ಕವೂ ದೇಶದ ಲೆಕ್ಕವೂ

ಕಳೆದ ವಾರ ನಮ್ಮ ಸಂಘದ ವಾಚನಾಲಯದಲ್ಲಿ, ಹಗಲು ಗಲ್ಲಾದ ಬಳಿ ಬಿಲ್ಲು ಬರೆದು ರಾತ್ರಿ ಕಾಲೇಜಿಗೆ ಹೋಗುವ ತರುಣನೊಬ್ಬ ಬಿ.ಎ. ಎರಡನೆಯ ವರ್ಷದ ಸಮಗ್ರ ಅರ್ಥಶಾಸ್ತ್ರದ ಪುಸ್ತಕ ತೆರೆದು ಕುಳಿತಿದ್ದ. "ಲೋಟ ತೊಳೆಯುವವನಿಗೆ ದೇಶದ ಲೆಕ್ಕವೇಕೆ?" ಎಂದು ಹಿರಿಯರೊಬ್ಬರು ನಕ್ಕರು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ನಾವು ನಗಲಿಲ್ಲ. ಆ ಲೆಕ್ಕ ಬಾರದೆ ಒಮ್ಮೆ ಮೋಸಹೋದವರು ನಾವು.

ನಾವು ಹೋಟೆಲಿನಲ್ಲಿದ್ದಾಗ ಮೂರು ವರ್ಷಕ್ಕೊಮ್ಮೆ ಕರಾರು. 10,000 ರೂಪಾಯಿ ಪಗಾರ 11,000 ಆಯಿತೆಂದು ಪೇಡೆ ಹಂಚಿದೆವು. ಆ ಮೂರು ವರ್ಷಗಳಲ್ಲಿ ಬೆಲೆಗಳು ನೂರಕ್ಕೆ 15ರಷ್ಟು ಏರಿದ್ದವೆಂಬುದನ್ನು ಯಾರೂ ಎಣಿಸಲಿಲ್ಲ. ಹಳೆಯ ಬೆಲೆಯಲ್ಲಿ ಅಳೆದರೆ ಆ 11,000ದ ಯೋಗ್ಯತೆ ಸುಮಾರು 9,565 ರೂಪಾಯಿ ಮಾತ್ರ. ಕೈಗೆ ಸಾವಿರ ಬಂತು, ತಟ್ಟೆಯಿಂದ 435 ಹೋಯಿತು. ಹಣಕೂಲಿ ಬೇರೆ, ನಿಜಕೂಲಿ ಬೇರೆ ಎಂಬುದು ಈ ಶಾಸ್ತ್ರದ ಮೊದಲ ಪಾಠ.

ತುಟ್ಟಿಭತ್ಯೆಯ ಮಾತು ಗಿರಣಿ ಬಂಧುಗಳಿಗೆ ಹೊಸದಲ್ಲ. ಅದಕ್ಕೆ ಆಧಾರವಾದ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವನ್ನು ಕೇಂದ್ರದ ಲೇಬರ್ ಬ್ಯೂರೋ ಪ್ರಕಟಿಸುತ್ತದೆ. 2020ರಲ್ಲಿ ಅದರ ಮೂಲವರ್ಷವು 2001ರಿಂದ 2016ಕ್ಕೆ ಬದಲಾಯಿತು. ಹೊಸ ಅಂಕಿಯನ್ನು ಹಳೆಯದಕ್ಕೆ ಹೊಂದಿಸಲು 2.88ರಿಂದ ಗುಣಿಸಬೇಕು. ಇದನ್ನರಿಯದವನ ಮುಂದೆ "ಸೂಚ್ಯಂಕ ಇಳಿದಿದೆ" ಎಂದು ಹೇಳಿ ಪಾರಾಗುವುದು ಬಹು ಸುಲಭ. ಆಗಲೇ ಆಹಾರ-ಪಾನೀಯಗಳ ತೂಕವೂ ನೂರಕ್ಕೆ 46.2ರಿಂದ 39.17ಕ್ಕೆ ಇಳಿಯಿತು. ಅರ್ಧ ಪಗಾರವನ್ನು ಊಟಕ್ಕೇ ಸುರಿಯುವ ಮನೆಯಲ್ಲಿ, ಅಕ್ಕಿ-ಬೇಳೆ ಏರಿದಾಗ ಆಗುವ ಉರಿ ಈ ಅಂಕಿಯಲ್ಲಿ ಪೂರ್ತಿ ಕಾಣದು.

"ಕೂಲಿ ಏರಿದರೆ ಇಡ್ಲಿಯ ಬೆಲೆ ಏರುತ್ತದೆ, ಕೊನೆಗೆ ಕೆಡುವವರು ನೀವೇ" ಎಂಬುದು ಮಾಲೀಕರ ಹಳೆಯ ವಾದ. ಅದು ಪೂರ್ತಿ ಸುಳ್ಳೆನ್ನಲಾರೆವು. ಆದರೆ ಇಡ್ಲಿಯ ಬೆಲೆಯಲ್ಲಿ ಅಕ್ಕಿ, ಉದ್ದು, ಗ್ಯಾಸು, ಬಾಡಿಗೆ, ಲಾಭ ಎಲ್ಲವೂ ಇವೆ, ಕೂಲಿಯೊಂದೇ ಅಲ್ಲ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ 1936ರ ತಮ್ಮ ಗ್ರಂಥದಲ್ಲಿ ಇನ್ನೊಂದು ಮುಖವನ್ನೂ ತೋರಿಸಿದರು. ಒಬ್ಬ ಮಾಲೀಕನಿಗೆ ಕೂಲಿ ಬರೀ ಖರ್ಚು. ಇಡೀ ದೇಶಕ್ಕೆ ಅದೇ ಗಿರಾಕಿಯ ಕಾಸು. ಹೋಟೆಲಿನವನು ಬಟ್ಟೆ ಕೊಂಡರೆ ಗಿರಣಿ ನಡೆಯುತ್ತದೆ, ಗಿರಣಿಯವನು ಚಹಾ ಕುಡಿದರೆ ಹೋಟೆಲು ನಡೆಯುತ್ತದೆ. ಎಲ್ಲ ಮಾಲೀಕರೂ ಒಟ್ಟಿಗೆ ಕೂಲಿ ಕತ್ತರಿಸಿದರೆ ಕೊಳ್ಳುವವರಾರು? 2020ರ ಮಾರ್ಚಿ 25ರಿಂದ ದೇಶಕ್ಕೇ ಬೀಗ ಬಿದ್ದಾಗ ಹೋಟೆಲು ಮುಚ್ಚಿತು. ಊರಿಗೆ ಹಣ ಹೋಗಲಿಲ್ಲ. ಊರಿನ ಅಂಗಡಿಯವನ ಸಾಲದ ಪುಸ್ತಕ ದಪ್ಪವಾಯಿತು. ಒಬ್ಬನ ಖರ್ಚೇ ಇನ್ನೊಬ್ಬನ ಗಳಿಕೆಯೆಂಬ ಸೂತ್ರವನ್ನು ನಾವು ಹೊಟ್ಟೆಯಿಂದಲೇ ಕಲಿತೆವು.

ಬೆಲೆಯೇರಿಕೆಗೆ ಕಡಿವಾಣ ಹಾಕಲು ರಿಸರ್ವ್ ಬ್ಯಾಂಕು 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೋ ಬಡ್ಡಿಯನ್ನು ನೂರಕ್ಕೆ 4ರಿಂದ 6.5ಕ್ಕೆ ಏರಿಸಿತು. ಬಡ್ಡಿ ಏರಿದರೆ ಬೆಲೆಯ ಓಟ ತಗ್ಗೀತು. ಸಾಲ ದುಬಾರಿಯಾಗಿ ಕೆಲಸವೂ ತಗ್ಗೀತು. ಆ ಭಾರ ಯಾರ ಹೆಗಲಿಗೆಂದು ನಾವಲ್ಲದೆ ಇನ್ನಾರು ಕೇಳಬೇಕು?

ಮುಂದಿನ ಕರಾರಿನ ಮಾತುಕತೆ ಹತ್ತಿರ ಬಂದಿದೆ. ಮೇಜಿನ ಆಚೆ ಲೆಕ್ಕ ಬಲ್ಲವರು ಕೂರುತ್ತಾರೆ. ಈಚೆ ಕೂರುವವರಲ್ಲಿ ಘೋಷಣೆಯೊಂದೇ ಇದ್ದರೆ ಸಾಲದು. ಬಂಧುಗಳೇ, ವಾರದ ರಜೆಯಲ್ಲಿ ಒಂದು ಗಂಟೆಯನ್ನು ವಾಚನಾಲಯಕ್ಕೆ ಕೊಡಿರಿ. ಕಲಿಸಲು ಆ ತರುಣ ಸಿದ್ಧನಿದ್ದಾನೆ. ಅಂದು ನಕ್ಕ ಹಿರಿಯರೇ ಮೊದಲು ಹೆಸರು ಬರೆಸಿದ್ದಾರೆ.