ಎಣ್ಣೆಯ ಮಾನಾಪಮಾನ

ಮನುಷ್ಯರಂತೆ ಮಾತುಗಳಿಗೂ ಸಹವಾಸದೋಷ ತಗಲುವುದುಂಟು. ಇಂದಿನ ಆಡುಮಾತಿನಲ್ಲಿ 'ಎಣ್ಣೆ' ಎಂಬ ಶಬ್ದಕ್ಕೆ ಒದಗಿರುವ ಗತಿ ಅಂಥದು. ಒಗ್ಗರಣೆಯ ಬಾಣಲೆಯಲ್ಲಿಯೂ ದೇವರ ದೀಪದಲ್ಲಿಯೂ ಸುಖವಾಗಿದ್ದ ಈ ಮಾತು ಈಗ ಮದ್ಯಕ್ಕೆ ಸಂಕೇತನಾಮವಾಗಿದೆ.

ಅದರ ಮೂಲವಾದರೋ ಬಹು ನಿರ್ಮಲವಾದುದು. ಹಳಗನ್ನಡದಲ್ಲಿ 'ನೆಯ್' ಎಂದರೆ ತುಪ್ಪ, ಜಿಡ್ಡು. ಎಳ್ಳಿನ ನೆಯ್ ಎಣ್ಣೆ. ಬೆಳ್ಳಗಿನ ನೆಯ್ ಬೆಣ್ಣೆ. ಒಂದೇ ಬಳ್ಳಿಯ ಎರಡು ಹೂಗಳು! ಕಾಲಕ್ರಮದಲ್ಲಿ ಎಳ್ಳು ಮರೆತುಹೋಗಿ, ಕೊಬ್ಬರಿ, ಹರಳು, ಕಡಲೆಕಾಯಿ ಎಲ್ಲದರ ಜಿಡ್ಡೂ ಎಣ್ಣೆಯೆನಿಸಿತು. ಕಡಲಾಚೆಯಿಂದ ಬಂದುದು ಸೀಮೆಎಣ್ಣೆಯಾಯಿತು. ಇಂಗ್ಲಿಷಿನ 'ಆಯಿಲ್' ಕೂಡ ಹೀಗೆಯೇ ತನ್ನ ತವರಾದ ಆಲಿವ್ ಕಾಯನ್ನು ಮರೆತು ಬೆಳೆದ ಮಾತು. ಕುಡಿದು ಮತ್ತೇರಿದವನನ್ನು ಆ ಜನರೂ 'ವೆಲ್ ಆಯಿಲ್ಡ್' ಎಂದು ನಗೆಯಾಡುವರು.

ನಗೆಗೆ ಯಾರ ಅಡ್ಡಿಯೂ ಇಲ್ಲ. ಆದರೆ ನಮ್ಮಲ್ಲಿ ಈ ಮಾತು ನಗೆಗಿಂತ ಮರೆಗೇ ಹೆಚ್ಚಾಗಿ ಬಳಕೆಯಾಗುತ್ತಿದೆ. ಹೆಂಡವೆಂದರೆ ನಾಚಿಕೆ, ಸಾರಾಯಿಯೆಂದರೆ ಭಯ. ಎಣ್ಣೆಯೆಂದರೆ ಎರಡೂ ಇಲ್ಲ. ಅಡುಗೆಯ ಎಣ್ಣೆಗೆಂದು ಎತ್ತಿಟ್ಟ ಹಣ ಈ ಎಣ್ಣೆಗೆ ಸಂದುಹೋದ ಮನೆಯಲ್ಲಿ ಗೃಹಿಣಿಗೆ ಇಂಥ ಶ್ಲೇಷೆ ರುಚಿಸೀತೆ?

12ನೆಯ ಶತಮಾನದ ಶರಣ ಹೆಂಡದ ಮಾರಯ್ಯ ಹೆಂಡವನ್ನು ಬೇರೆ ಹೆಸರಿನಿಂದ ಮುಚ್ಚಲಿಲ್ಲ. ತನ್ನ ಕಸುಬಿನ ಮಾತುಗಳಿಂದಲೇ ವಚನ ಕಟ್ಟಿ, ಕೇಳುವವರ ಮನಸ್ಸನ್ನು ಶಿವನ ಕಡೆಗೆ ತಿರುಗಿಸಿದನು. ಕೀಳೆನಿಸಿದ ಮಾತನ್ನು ಆತ ಮೇಲಕ್ಕೆತ್ತಿದ. ಮೇಲಿದ್ದ ಮಾತನ್ನು ನಾವು ಕೆಳಗಿಳಿಸಿದ್ದೇವೆ.

ಎಣ್ಣೆಯ ಹಳೆಯ ಮಾನವನ್ನು ಇಂದಿಗೂ ಕಣ್ಣಾರೆ ಕಾಣಬೇಕಾದರೆ ವಿಜಯನಗರ ಜಿಲ್ಲೆಯ ಉಜ್ಜಿನಿಗೆ ಹೋಗಬೇಕು. ವೀರಶೈವ ಪಂಚಪೀಠಗಳಲ್ಲಿ ಒಂದಾದ ಈ ಊರಿನಲ್ಲಿ ಮರುಳಸಿದ್ಧೇಶ್ವರನ ದೇವಾಲಯವಿದೆ. ಬೇಸಗೆಯ ಜಾತ್ರೆಯಲ್ಲಿ ಆ ದೇವಾಲಯದ ಶಿಖರಕ್ಕೇ ತೈಲಾಭಿಷೇಕ! ಜರಿಮಲೆಯ ಪಾಳೆಯಗಾರ ಮನೆತನದಿಂದ ಎಣ್ಣೆ ಬರುವುದು ಸಂಪ್ರದಾಯ. ಭಕ್ತರೂ ಹರಕೆಯ ಎಣ್ಣೆಯನ್ನು ತಂದೊಪ್ಪಿಸುವರು. ಶಿಖರದ ಮೇಲೆ ಸುರಿದ ಎಣ್ಣೆ ಕಲ್ಲಿನಿಂದ ಕಲ್ಲಿಗೆ ಇಳಿದು, ಗೋಪುರವೆಲ್ಲ ಬಿಸಿಲಿಗೆ ಮಿರುಗುವುದು.

ಅಲ್ಲಿ 'ಎಣ್ಣೆ ತಂದಿದ್ದೇವೆ' ಎಂದು ಭಕ್ತರು ತಲೆಯೆತ್ತಿ ಹೇಳಬಲ್ಲರು. 'ಅಪ್ಪ ಎಣ್ಣೆ ತರಲು ಹೋಗಿದ್ದಾರೆ' ಎಂಬುದನ್ನು ನಮ್ಮ ಮಕ್ಕಳೂ ಹಾಗೆಯೇ ತಲೆಯೆತ್ತಿ ಹೇಳುವಂತಿರಬೇಡವೆ? ಕುಡಿತವನ್ನು ಕುಡಿತವೆಂದೇ ಕರೆಯೋಣ. ಎಣ್ಣೆಯನ್ನು ದೀಪಕ್ಕೂ ಒಗ್ಗರಣೆಗೂ ಬಿಟ್ಟುಕೊಡೋಣ.