ಕೇಳುವವನಿಗೆ ತಾಳ್ಮೆಯೇ ಭೂಷಣ

ಕನ್ನಡದ ‘ಕೇಳು’ ಎಂಬ ಧಾತುವಿಗೆ ಆಲಿಸುವುದು, ಪ್ರಶ್ನಿಸುವುದು ಎಂಬ ಎರಡು ಅರ್ಥಗಳುಂಟು. ನುಡಿಯು ಕೂಡಿಸಿಟ್ಟ ಇವೆರಡನ್ನು ಲೋಕವ್ಯವಹಾರವು ಅಗಲಿಸಿದೆ. ಪ್ರಶ್ನಿಸುವವರು ಬಹುಮಂದಿ, ಉತ್ತರವನ್ನು ಕಡೆಯವರೆಗೆ ಆಲಿಸುವವರು ವಿರಳ. ಸಂಸ್ಕೃತದ ‘ಶುಶ್ರೂಷಾ’ ಶಬ್ದದ ಮೂಲಾರ್ಥವೂ ಕೇಳಬೇಕೆಂಬ ಇಚ್ಛೆಯೇ. ಸೇವೆಯೆಂಬ ಅರ್ಥವು ಅದರಿಂದ ಬೆಳೆದುದು. ಪರರ ಮಾತಿಗೆ ಕಿವಿಗೊಡುವುದೇ ಮೊದಲ ಸೇವೆಯೆಂಬ ಧ್ವನಿ ಆ ಪದದಲ್ಲಿ ಅಡಗಿದೆ.

ಈ ಸೇವೆಗೆ ಪರಮವೈರಿಯೆಂದರೆ ಸಿಡುಕು. ಅದು ಅನೇಕರಲ್ಲಿ ಕೋಪದಿಂದಲ್ಲ, ಅಭ್ಯಾಸಬಲದಿಂದ ಮೂಡುವಂಥದು. ತಡವಾಗಿ ಬಂದ ಬಾಲಕನೊಬ್ಬನು ಬಾಗಿಲಲ್ಲಿ ನಿಂತು ಕಾರಣ ಹೇಳಲು ತೊದಲುತ್ತಾನೆ. “ನೆಪ ಸಾಕು, ಕುಳಿತುಕೋ” ಎಂಬ ಗದರಿಕೆ ಕೇಳಿಬರುತ್ತದೆ. ತಾಯಿಯ ಕಾಯಿಲೆಯ ಸುದ್ದಿ ಅವನ ಬಾಯಲ್ಲೇ ಉಳಿಯುತ್ತದೆ. ಗದರಿದವರು ಅದನ್ನು ಗಳಿಗೆಯಲ್ಲಿ ಮರೆಯಬಹುದು. ಬಾಲಕನು ಮಾತ್ರ ಮುಂದೆ ಏನನ್ನೂ ಹೇಳಲಾರನು.

ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರು 1974ರಲ್ಲಿ ಪ್ರಕಟಿಸಿದ ಸಂಶೋಧನೆಯು ಇಲ್ಲಿ ಮನನೀಯವಾಗಿದೆ. ಪ್ರಶ್ನೆ ಕೇಳಿದ ಬಳಿಕ ಉಪಾಧ್ಯಾಯರು ಉತ್ತರಕ್ಕಾಗಿ ಕಾಯುತ್ತಿದ್ದುದು ಸರಾಸರಿ 1 ಸೆಕೆಂಡು ಮಾತ್ರ. ಅದನ್ನು 3 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರಗಳು ದೀರ್ಘವಾದವು, ಮೌನವಾಗಿದ್ದವರೂ ಬಾಯ್ತೆರೆದರು, ಮಕ್ಕಳೇ ಪ್ರಶ್ನಿಸತೊಡಗಿದರು. ಜಾಣರೆನಿಸಿಕೊಂಡವರಿಗೆ ದೊರೆಯುತ್ತಿದ್ದಷ್ಟು ಕಾಲಾವಕಾಶವು ಮಂದರೆನಿಸಿಕೊಂಡವರಿಗೆ ದೊರೆಯುತ್ತಿರಲಿಲ್ಲವೆಂಬುದೂ ಆಗ ತಿಳಿದುಬಂದಿತು. ಯಾರಿಗೆ ತಾಳ್ಮೆಯು ಅತ್ಯಗತ್ಯವೋ ಅವರಿಗೇ ಅದು ದುರ್ಲಭವಾಗಿದ್ದುದು ವಿಷಾದಕರ.

ನಮ್ಮ ಶಾಸ್ತ್ರಪರಂಪರೆಗೆ ಈ ತತ್ತ್ವವು ಹೊಸದಲ್ಲ. ಪೂರ್ವಪಕ್ಷವನ್ನು ಸಮಗ್ರವಾಗಿ ನಿರೂಪಿಸಿದ ಅನಂತರವೇ ಸಿದ್ಧಾಂತವನ್ನು ಮಂಡಿಸಬೇಕೆಂಬುದು ಮೀಮಾಂಸಕರ ಕ್ರಮ. ಎದುರಾಳಿಯ ವಾದಕ್ಕೆ ಸಲ್ಲುವ ಈ ಮರ್ಯಾದೆ ಶಿಷ್ಯನ ಮಾತಿಗೆ ಸಲ್ಲಬಾರದೇಕೆ? ಸಹೋದ್ಯೋಗಿಯ ದೂರಿಗೆ, ಮನೆಯ ಹಿರಿಯರು ಹತ್ತನೆಯ ಬಾರಿ ಹೇಳುವ ಕಥೆಗೆ ಸಲ್ಲಬಾರದೇಕೆ?

ಎಲ್ಲವನ್ನೂ ಸಹಿಸುತ್ತ ಕುಳಿತರೆ ಶಿಸ್ತು ಉಳಿಯುವುದೆಂತು ಎಂದು ಕೆಲವರು ಆಕ್ಷೇಪಿಸುವರು. ಆಲಿಸುವುದೆಂದರೆ ಒಪ್ಪುವುದೆಂದಲ್ಲ. ಸುಳ್ಳನ್ನು ಸುಳ್ಳೆಂದು ನಿರ್ಣಯಿಸಬೇಕಾದರೂ ಅದನ್ನು ಪೂರ್ತಿಯಾಗಿ ಕೇಳಲೇಬೇಕು. ಕೇಳಿ ವಿಧಿಸಿದ ದಂಡನೆಯು ನ್ಯಾಯವೆನಿಸುವುದು. ಕೇಳದೆ ವಿಧಿಸಿದುದು ದರ್ಪವೆನಿಸುವುದು.

ಸಿಡುಕು ಅಭ್ಯಾಸದಿಂದ ಬಂದುದಾದರೆ ತಾಳ್ಮೆಯೂ ಅಭ್ಯಾಸದಿಂದ ಬರಬಲ್ಲುದು. ಉತ್ತರಿಸುವ ಮುನ್ನ ಒಂದು ಉಸಿರಿನಷ್ಟು ಕಾಲ ನಿಲ್ಲುವುದು, ಕೇಳಿದುದನ್ನು ತನ್ನ ಮಾತಿನಲ್ಲೊಮ್ಮೆ ಹೇಳಿ “ಹೀಗಲ್ಲವೇ?” ಎನ್ನುವುದು—ಇಷ್ಟೇ ಅದರ ಸಾಧನೆ. ದಾನಿಗಳ ಔದಾರ್ಯದಿಂದ ಶಾಲೆಗೆ ಕಟ್ಟಡವು ಲಭಿಸುವುದು. ಆ ಕಟ್ಟಡದೊಳಗೆ ಮಗುವಿನ ಮಾತಿಗೆ ಎಡೆ ಲಭಿಸುವುದು ಕೇಳುವವರ ಔದಾರ್ಯದಿಂದ. ತಾಳಿದವನು ಬಾಳಿಯಾನು ಎಂಬುದು ಗಾದೆ. ಗುರುವು ತಾಳಿದರೆ ಶಿಷ್ಯನೂ ಬಾಳಿಯಾನು.